ಬೆಂಗಳೂರಿನ ಪೂರ್ವಭಾಗದಲ್ಲಿ ಭಾಷೆ ಮತ್ತು ಆರಾಧನೆಗಳ ಸಂಮಿಶ್ರಣ

ಕಗ್ಗದಾಸಪುರ, ವಿಭೂತಿಪುರ, ದೊಮ್ಮಲೂರು, ಹಲಸೂರುಗಳಿಂದ ಹಿಡಿದು ದಂಡುಪ್ರದೇಶದ ಶಿವಾಜಿನಗರದವರೆಗಿನ ನೆಲವು ಬಹುಭಾಷಿಕವಾದುದೆಂಬುದು ಸರ್ವವಿದಿತ. ಇದಕ್ಕೆ ಕಾರಣ ಹೇಳುವವರು 1809ರಲ್ಲಿ ಆಂಗ್ಲರು ಹಲಸೂರಿನ ಬಳಿ ದಂಡನ್ನು ನೆಲೆಗೊಳಿಸಿದುದನ್ನೂ, ಸೇನೆಯ ಬೆನ್ನಿಗೆ ಬಂದ ತಮಿಳರನ್ನೂ, 1940ರಲ್ಲಿ ಆರಂಭವಾದ ವಿಮಾನ ಕಾರ್ಖಾನೆಯನ್ನೂ ಉಲ್ಲೇಖಿಸುವುದು ವಾಡಿಕೆ. ಈ ವಿವರಣೆ ಸುಳ್ಳಲ್ಲ, ಅಪೂರ್ಣ. ಯಾರು ಮೊದಲಿನವರು, ಯಾರು ಬಂದವರು ಎಂಬ ವಾದ ಈ ನಗರದಲ್ಲಿ ಆಗಾಗ ತಲೆಯೆತ್ತುತ್ತದೆ; ಉಭಯ ಪಕ್ಷದವರೂ ಶಾಸನಗಳನ್ನೇ ಸಾಕ್ಷಿಗೆ ಕರೆಯುತ್ತಾರೆ. ಆದುದರಿಂದ ಆ ಸಾಕ್ಷಿಗಳು ಎಷ್ಟನ್ನು ಹೇಳುತ್ತವೆ, ಎಷ್ಟನ್ನು ಹೇಳುವುದಿಲ್ಲ ಎಂಬುದನ್ನು ಪರಿಶೀಲಿಸುವುದು ಅವಶ್ಯವೆಂದು ಭಾವಿಸಿದ್ದೇವೆ.

ಬೆಂಗಳೂರೆಂಬ ಹೆಸರು ಮೊದಲು ಕಾಣಿಸುವುದು ಸುಮಾರು 890ರ ಬೇಗೂರಿನ ಕನ್ನಡ ಶಾಸನದಲ್ಲಿ. 1004ರ ಸುಮಾರಿಗೆ ಚೋಳರು ಗಂಗವಾಡಿಯನ್ನು ಗೆದ್ದರು. 1116ರ ಸುಮಾರಿಗೆ ವಿಷ್ಣುವರ್ಧನನು ತಲಕಾಡನ್ನು ಹಿಂದಕ್ಕೆ ಪಡೆದನು. ಚೋಳರು ಹೋದ ಮೇಲೆ ತಮಿಳು ಶಾಸನಗಳೂ ನಿಂತಿರಬೇಕೆಂದು ಎಣಿಸುವುದು ಸಹಜ. ಆದರೆ ಬಿ. ಎಲ್. ರೈಸರು 1905ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಒಂಬತ್ತನೆಯ ಸಂಪುಟವನ್ನು ತಿರುವಿದರೆ, ಹೊಯ್ಸಳರ ಕಾಲದಲ್ಲಿಯೂ ಈ ಭಾಗದ ದತ್ತಿಗಳು ತಮಿಳಿನಲ್ಲಿ ಬರೆಯಲ್ಪಡುತ್ತಿದ್ದುದು ಕಂಡುಬರುತ್ತದೆ. 1254ರ ಸುಮಾರಿಗೆ ರಾಜ್ಯ ವಿಭಾಗವಾಗಿ, ಈ ಸೀಮೆಯು ತಮಿಳುನಾಡಿನ ಭಾಗದೊಡನೆ ರಾಮನಾಥನ ಪಾಲಿಗೆ ಬಂದುದು ಇದಕ್ಕೆ ಪುಷ್ಟಿ ಕೊಟ್ಟಿತು. ಕನ್ನಡ ಮನೆತನದ ದೊರೆಯ ಹೆಸರಿನಲ್ಲಿ ತಮಿಳು ಶಾಸನ! ಕಲ್ಲಿನ ಭಾಷೆ ದೇಗುಲದ ಲೆಕ್ಕಪತ್ರದ ಭಾಷೆಯೇ ಹೊರತು ಹೊಲ ಉಳುವವನ ಮನೆಮಾತಿಗೆ ಪ್ರಮಾಣವಲ್ಲವೆಂಬುದು ನಮ್ಮ ಅಭಿಪ್ರಾಯ.

ಈ ಶಾಸನಗಳಲ್ಲಿ ಸ್ಥಳನಾಮಗಳು ತಾಳಿದ ರೂಪ ಬಹಳ ಸ್ವಾರಸ್ಯಕರ. ಮಡಿವಾಳದ ಸೋಮೇಶ್ವರ ದೇಗುಲದ 1247ರ ಶಾಸನದಲ್ಲಿ ಬೆಂಗಳೂರು ‘ವೆಂಗಳೂರ್’ ಆಗಿದೆ, ಬೇಗೂರು ‘ವೆಪ್ಪೂರ್’ ಆಗಿದೆ. ಕನ್ನಡದ ಪದಾದಿಯ ಬಕಾರಕ್ಕೆ ತಮಿಳಿನಲ್ಲಿ ವಕಾರ ಬರುವುದು ನಿಯಮ. ನಮ್ಮ ಬೇರು ಅವರಿಗೆ ವೇರ್. ಯಲಹಂಕನಾಡು ‘ಇಲೈಪ್ಪಾಕ್ಕನಾಡು’ ಎಂದು ಬರುವಲ್ಲಿ ಕನ್ನಡದ ಹಕಾರಕ್ಕೆ ಎದುರಾಗಿ ಪಕಾರ ನಿಂತಿದೆ. ಹಾಲು-ಪಾಲ್ ಜೋಡಿಯನ್ನು ಬಲ್ಲವರಿಗೆ ಇದು ಹೊಸತಲ್ಲ. ಹೆಸರನ್ನು ಕೇಳಿದ ಲಿಪಿಕಾರನು ಅದನ್ನು ತನ್ನ ಭಾಷೆಯ ಧ್ವನಿಗೆ ಒಗ್ಗಿಸಿ ಬರೆದಿದ್ದಾನೆ. ಎರಡು ಭಾಷೆಗಳನ್ನೂ ಬಲ್ಲವನಿಗಲ್ಲದೆ ಇಷ್ಟು ಕ್ರಮಬದ್ಧವಾದ ಮಾರ್ಪಾಡು ಸುಲಭಸಾಧ್ಯವಲ್ಲ.

ದೊಮ್ಮಲೂರಿನ ಚೊಕ್ಕನಾಥಸ್ವಾಮಿಯ ಹೆಸರಿನಲ್ಲಿಯೂ ಇಂಥದೇ ಹೆಣಿಗೆ ಇದೆ. ಮಧುರೆಯಲ್ಲಿ ಚೊಕ್ಕನಾಥನೆಂದರೆ ಶಿವ, ಇಲ್ಲಿ ವಿಷ್ಣು. ತಮಿಳು ಶಾಸನಗಳು ಇವನನ್ನು ಚೊಕ್ಕಪೆರುಮಾಳ್ ಎನ್ನುತ್ತವೆ. ತಮಿಳನಿಗೆ ಚೊಕ್ಕನೆಂದರೆ ಚೆಲುವ, ಕನ್ನಡಿಗನಿಗೆ ಚೊಕ್ಕವೆಂದರೆ ನಿರ್ಮಲವಾದುದು. ಇಬ್ಬರೂ ತಮ್ಮ ತಮ್ಮ ನುಡಿಯಲ್ಲಿಯೇ ದೇವರನ್ನು ಕರೆದಂತಾಯಿತು.

ಶಿವಾಜಿನಗರದ ಸಂತ ಮೇರಿಯ ಬಸಿಲಿಕದ ಉತ್ಸವವನ್ನು ನೋಡಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಆಗಸ್ಟ್ ಕೊನೆಗೆ ಧ್ವಜಾರೋಹಣ, ಸೆಪ್ಟೆಂಬರ್ 8ರಂದು ತೇರು. ಸೀರೆಯುಟ್ಟ ಮಾತೆ, ಕಾವಿ ತೊಟ್ಟ ಹರಕೆಯವರು, ಅವರೊಳಗೆ ಅನ್ಯಮತೀಯರು. ಪ್ರಾರ್ಥನೆ ಕನ್ನಡ, ತಮಿಳು, ಇಂಗ್ಲಿಷುಗಳಲ್ಲಿ ಬೇರೆಬೇರೆಯಾಗಿ ನಡೆಯುತ್ತದೆ; ತೇರು ಮಾತ್ರ ಎಲ್ಲರಿಗೂ ಒಂದೇ.

ಇದೇ ಬೀದಿಗಳ ದಖನಿಯು ಇನ್ನೂ ಸೂಕ್ಷ್ಮವಾದ ನಿದರ್ಶನ. ‘ಬೇಡ’ ಎಂಬರ್ಥದ ಅದರ ‘ನಕ್ಕೋ’ ಮರಾಠಿಯಿಂದ ಬಂದುದು. ಪದಗಳ ಸಾಲ ಸುಲಭ. ನಾವೂ ಅರ್ಜಿ, ಜಮೀನುಗಳನ್ನು ಪಡೆದಿದ್ದೇವೆ. ಆದರೆ ‘ಬರುತ್ತೇನೆ ಎಂದು ಹೇಳಿದ’ ಎಂಬುದನ್ನು ದಖನಿಯು ‘ಆತೂಂ ಬೋಲ್ಕೆ ಬೋಲ್ಯಾ’ ಎನ್ನುತ್ತದೆ. ಉತ್ತರದ ಉರ್ದುವಿನಲ್ಲಿ ಹೇಳಿದುದು ಮೊದಲು, ‘ಕಿ’ ಆಮೇಲೆ, ಆಡಿದ ಮಾತು ಕೊನೆಗೆ. ಇಲ್ಲಿ ‘ಬೋಲ್ಕೆ’ ನಿಂತಿರುವುದು ನಮ್ಮ ‘ಎಂದು’ ನಿಲ್ಲುವ ಸ್ಥಾನದಲ್ಲಿ: ಶಬ್ದ ಉರ್ದುವಿನದು, ವಾಕ್ಯದ ಎಲುಬು ದ್ರಾವಿಡದ್ದು.

ಸಾಂಗಲಿ ಜಿಲ್ಲೆಯ ಗಡಿಗ್ರಾಮ ಕುಪವಾಡವನ್ನು ಕುರಿತು ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಪ್ರಕಟಿಸಿದ ಲೇಖನ ಈ ಸಂದರ್ಭದಲ್ಲಿ ಸ್ಮರಣೀಯ. ಅಲ್ಲಿನ ಕನ್ನಡ, ಮರಾಠಿ, ಉರ್ದುಗಳ ವಾಕ್ಯರಚನೆ ಎಷ್ಟು ಸಮೀಪಿಸಿದೆಯೆಂದರೆ, ಪದಕ್ಕೆ ಪದವಿಟ್ಟು ಒಂದರಿಂದ ಮತ್ತೊಂದಕ್ಕೆ ಸಾಗಬಹುದು. ನಾವು ‘ಇದು ನಿಮ್ಮ ಮನೆ’ ಎಂದು ನಿಲ್ಲಿಸುವಲ್ಲಿ, ಅಲ್ಲಿಯ ಕನ್ನಡಿಗನು ಮರಾಠಿಯ ಹಾಗೆ ‘ಐತಿ’ ಎಂಬ ಕ್ರಿಯಾಪದವನ್ನೂ ಸೇರಿಸುತ್ತಾನೆ. ಆದರೂ ಆ ಊರಿನ ಯಾವ ಮನೆಯೂ ತನ್ನ ಮಾತನ್ನು ಬಿಟ್ಟುಕೊಟ್ಟಿರಲಿಲ್ಲ. ಸಂತೆ-ಗದ್ದೆಗಳಲ್ಲಿ ವ್ಯಾಕರಣ ಒಂದಾಗಿದ್ದರೂ, ಒಲೆಯ ಬಳಿ ಜೈನರು, ಲಿಂಗಾಯತರು ಕನ್ನಡವನ್ನೇ, ಮುಸಲ್ಮಾನರು ಉರ್ದುವನ್ನೇ ಆಡುತ್ತಿದ್ದರು.