ಕಾರ್ಲಾ ಗುಹೆಯಲ್ಲಿ ಬನವಾಸಿಯ ವರ್ತಕನ ಹೆಸರು

ಲೋಣಾವಳ ಸಮೀಪದ ಕಾರ್ಲಾಕ್ಕೆ ಹೋಗದ ಮುಂಬಯಿ, ಪುಣೆ ಕನ್ನಡಿಗರು ವಿರಳ. ಏಕವೀರಾ ದೇವಿಯ ದರ್ಶನಕ್ಕೋ, ಸಂಘದ ವಿಹಾರಕೂಟಕ್ಕೋ ಒಮ್ಮೆಯಾದರೂ ಆ ಮೆಟ್ಟಿಲುಗಳನ್ನು ಹತ್ತಿರುತ್ತಾರೆ. ದೇವಿಯ ಗುಡಿಯ ಪಕ್ಕದಲ್ಲೇ ಬೆಟ್ಟ ಕೊರೆದು ನಿರ್ಮಿಸಿದ ಬೌದ್ಧ ಚೈತ್ಯಾಲಯವಿದೆ. ಸುಮಾರು 124 ಅಡಿ ಉದ್ದದ ಆ ಭವ್ಯ ಸಭಾಂಗಣದ ಚಾವಣಿಯಲ್ಲಿ ಎರಡು ಸಾವಿರ ವರ್ಷಗಳ ಹಿಂದಿನ ತೇಗದ ಕಮಾನುಗಳು ಇಂದಿಗೂ ಉಳಿದಿವೆ.

ಅದರ ಮುಖಮಂಟಪದಲ್ಲಿ ಬ್ರಾಹ್ಮಿ ಲಿಪಿಯ ಪುಟ್ಟ ಪ್ರಾಕೃತ ಶಾಸನವೊಂದಿದೆ. ವೈಜಯಂತಿಯ ಭೂತಪಾಲನೆಂಬ ಶ್ರೇಷ್ಠಿ ಈ ಶಿಲಾಗೃಹವನ್ನು ಪೂರ್ಣಗೊಳಿಸಿದನೆಂದೂ, ಇಡೀ ಜಂಬೂದ್ವೀಪದಲ್ಲಿ ಇದೇ ಶ್ರೇಷ್ಠವೆಂದೂ ಅದರ ತಾತ್ಪರ್ಯ. ವೈಜಯಂತಿ ಎಂದರೆ ನಮ್ಮ ಉತ್ತರ ಕನ್ನಡದ ಬನವಾಸಿ ಎಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ಅಂದರೆ ವ್ಯಾಪಾರಕ್ಕಾಗಿ ಊರು ಬಿಟ್ಟು ಬಂದು, ಬಂದ ನೆಲದಲ್ಲಿ ಹೆಸರು ಉಳಿಸಿದವರ ಸಾಲು ನಾವು ತಿಳಿದುಕೊಂಡದ್ದಕ್ಕಿಂತ ಬಹಳ ಉದ್ದವಿದೆ.

ಮಳೆಗಾಲದ ಆಸರೆ

ಗೌತಮ ಬುದ್ಧರು ಹುಟ್ಟಿದ್ದು ಲುಂಬಿನಿಯಲ್ಲಿ, ಜ್ಞಾನೋದಯವಾದದ್ದು ಬೋಧಗಯೆಯಲ್ಲಿ, ಮೊದಲ ಉಪದೇಶ ಸಾರನಾಥದಲ್ಲಿ. ಬದುಕಿನಲ್ಲಿ ದುಃಖವಿದೆ, ಅದಕ್ಕೆ ತೃಷ್ಣೆ ಕಾರಣ, ಆ ದುಃಖವನ್ನು ನಿವಾರಿಸಬಹುದು, ಅದಕ್ಕೆ ಅಷ್ಟಾಂಗ ಮಾರ್ಗವಿದೆ ಎಂಬುದೇ ಆ ಉಪದೇಶದ ತಿರುಳು. ಅತಿಭೋಗವೂ ಬೇಡ, ದೇಹದಂಡನೆಯೂ ಬೇಡ, ನಡುವಿನ ದಾರಿ ಸಾಕು ಎಂದರು. ಜನರಾಡುವ ಮಾತಿನಲ್ಲೇ ಬೋಧಿಸಿದರು. ಸಂಘಕ್ಕೆ ಸೇರಲು ಜಾತಿ ಅಡ್ಡಿಯಾಗಲಿಲ್ಲ.

ಭಿಕ್ಷುಗಳು ಊರೂರು ಸಂಚರಿಸಬೇಕು, ಮಳೆಗಾಲದ ಮೂರು ತಿಂಗಳು ಮಾತ್ರ ಒಂದೆಡೆ ನೆಲೆಸಬೇಕು ಎಂಬುದು ನಿಯಮ. ಸಹ್ಯಾದ್ರಿಯ ಮಳೆ ಹೇಗಿರುತ್ತದೆಂದು ನಮಗೆ ಹೇಳಬೇಕಾಗಿಲ್ಲ. ಬಂದರುಗಳಿಂದ ಘಟ್ಟ ಹತ್ತುವ ವ್ಯಾಪಾರದ ದಾರಿಗಳ ಬಳಿಯೇ ಗುಹೆಗಳು ಸಾಲುಗಟ್ಟಿದವು. ಭಿಕ್ಷುಗಳಿಗೆ ಆಸರೆ ಸಿಕ್ಕಿತು, ವರ್ತಕರಿಗೆ ಪುಣ್ಯದ ಜೊತೆಗೆ ದಾರಿಯ ನೆಮ್ಮದಿಯೂ ದೊರೆಯಿತು.

ಕಾರ್ಲಾದ ಕಂಬಗಳನ್ನು ಓದಿದರೆ ನಮ್ಮ ಸಂಘಗಳ ಕಟ್ಟಡ ನಿಧಿಯ ನೆನಪಾಗುತ್ತದೆ. ಒಂದೊಂದು ಕಂಬಕ್ಕೆ ಒಬ್ಬೊಬ್ಬ ದಾನಿ! ಧೇನುಕಾಕಟವೆಂಬ ಊರಿನ ಯವನರಿದ್ದಾರೆ, ಗಂಧದ ವ್ಯಾಪಾರಿಯಿದ್ದಾನೆ, ಸಾಮಿ ಎಂಬ ಬಡಗಿಯ ಹೆಸರೂ ಇದೆ. ಅರಸರ ಸಾಲಿನಲ್ಲೇ ಕುಶಲಕರ್ಮಿಯ ಹೆಸರಿಗೂ ಸ್ಥಾನ ಸಿಕ್ಕಿದ್ದು ಗಮನಾರ್ಹ.

ಸೋಪಾರದಿಂದ ಮಸ್ಕಿಯವರೆಗೆ

ಕ್ರಿ.ಪೂ. 3ನೇ ಶತಮಾನದಲ್ಲಿ ಅಶೋಕನಿಂದ ಈ ಧರ್ಮಕ್ಕೆ ರಾಜಾಶ್ರಯ ದೊರೆಯಿತು. ಕೊಂಕಣವನ್ನೊಳಗೊಂಡ ಅಪರಾಂತಕ್ಕೂ ವನವಾಸಕ್ಕೂ ಧರ್ಮಪ್ರಚಾರಕರನ್ನು ಕಳುಹಿಸಿದ ವಿಚಾರ ಸಿಂಹಳದ ‘ಮಹಾವಂಸ’ದಲ್ಲಿದೆ. ಈ ವನವಾಸವೇ ಬನವಾಸಿ ಎನ್ನಲಾಗಿದೆ. ಪಶ್ಚಿಮ ರೈಲ್ವೆಯಲ್ಲಿ ನಾವು ನಿತ್ಯ ದಾಟುವ ನಾಲಾಸೋಪಾರದಲ್ಲಿ 1882ರಲ್ಲಿ ಅಶೋಕನ ಶಾಸನದ ತುಣುಕು ಸಿಕ್ಕಿತು. ಅತ್ತ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ದೊರೆತ ಶಾಸನದಿಂದ ‘ದೇವಾನಾಂಪ್ರಿಯ’ನೆಂದರೆ ಅಶೋಕನೇ ಎಂಬುದು ಖಚಿತವಾಯಿತು. ಕಲಬುರಗಿ ಜಿಲ್ಲೆಯ ಸನ್ನತಿ ಬಳಿಯ ಕನಗನಹಳ್ಳಿ ಸ್ತೂಪದಲ್ಲಿ ಅಶೋಕನ ಹೆಸರು ಬರೆದ ಶಿಲ್ಪವೇ ದೊರೆತಿದೆ.

ಬೊರಿವಲಿಯ ಕಾನ್ಹೇರಿಯಲ್ಲಿ ನೂರಕ್ಕೂ ಹೆಚ್ಚು ಗುಹೆಗಳಿವೆ. ಅಲ್ಲಿನ 9ನೇ ಶತಮಾನದ ದಾನಶಾಸನಗಳಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನ ಹೆಸರಿದೆ. ‘ಕವಿರಾಜಮಾರ್ಗ’ ರಚನೆಯಾದದ್ದು ಅವನ ಆಸ್ಥಾನದಲ್ಲೇ. ಸ್ವತಃ ಜೈನಧರ್ಮದತ್ತ ಒಲಿದಿದ್ದ ಅವನ ಆಳ್ವಿಕೆಯಲ್ಲಿ ಬೌದ್ಧ ವಿಹಾರಕ್ಕೆ ದಾನ ಸಲ್ಲುತ್ತಿತ್ತು. ಮಂಗಳೂರಿನ ಕದ್ರಿಯಲ್ಲಿ ಆಳುಪರ ಕುಂದವರ್ಮನು 968ರಲ್ಲಿ ಪ್ರತಿಷ್ಠಾಪಿಸಿದ ಲೋಕೇಶ್ವರನ ಕಂಚಿನ ಮೂರ್ತಿ ಇಂದಿಗೂ ಮಂಜುನಾಥನ ದೇವಾಲಯದಲ್ಲಿದೆ.

ಮರಳಿ ಬಂದ ಧರ್ಮ

ಶ್ರೀಲಂಕಾ, ಬರ್ಮಾ, ಚೀನಾ, ಜಪಾನುಗಳಲ್ಲಿ ಬೇರೂರಿದ ಧರ್ಮ ಹುಟ್ಟಿದ ನೆಲದಲ್ಲೇ ಕ್ಷೀಣಿಸಿತು. ಅರಸರ, ವರ್ತಕರ ಆಶ್ರಯ ತಪ್ಪಿದಾಗ ವಿಹಾರಗಳು ಬರಿದಾದವು. 1956ರ ಅಕ್ಟೋಬರ್ 14ರಂದು ಡಾ. ಬಾಬಾಸಾಹೇಬ ಅಂಬೇಡ್ಕರರು ನಾಗಪುರದಲ್ಲಿ ಲಕ್ಷಾಂತರ ಅನುಯಾಯಿಗಳೊಂದಿಗೆ ದೀಕ್ಷೆ ಪಡೆದರು. ಸಂಘದ ಬಾಗಿಲಲ್ಲಿ ಜಾತಿ ಕೇಳದ ಬುದ್ಧನ ನಿಲುವು ಆ ದಿನ ಮತ್ತೆ ಜೀವ ತಳೆಯಿತು. ಪ್ರತಿವರ್ಷ ಡಿಸೆಂಬರ್ 6ರಂದು ದಾದರಿನ ಚೈತ್ಯಭೂಮಿಗೆ ಹರಿದುಬರುವ ಜನಸಾಗರವನ್ನು ನಾವೆಲ್ಲ ನೋಡಿದ್ದೇವೆ. ಅದನ್ನು ಬರೀ ವಾಹನ ದಟ್ಟಣೆಯೆಂದು ಕಂಡು ಗೊಣಗಿದ್ದೂ ಉಂಟು. ಭೂತಪಾಲನನ್ನು ನಮ್ಮವನೆನ್ನುವ ನಮಗೆ ಈ ಜನರೂ ನಮ್ಮವರಲ್ಲವೇ?

ಹಿಂದಿನ ಅರಸರು ಮೋಜಿಗಾಗಿ ವಿಹಾರಯಾತ್ರೆ ಹೋಗುತ್ತಿದ್ದರು, ನಾನು ಧರ್ಮಯಾತ್ರೆ ಕೈಗೊಂಡೆ ಎಂದು ಅಶೋಕ ಹೇಳಿಕೊಂಡಿದ್ದಾನೆ. ಸೋಪಾರದಲ್ಲಿ ದೊರೆತ ತುಣುಕು ಆ ಶಾಸನದ್ದೇ. ಮುಂದಿನ ಬಾರಿ ಸಂಘದ ಬಸ್ಸು ಕಾರ್ಲಾ ತಲುಪಿದಾಗ ಊಟದ ಬುತ್ತಿ ಬಿಚ್ಚುವ ಮುನ್ನ ಹತ್ತು ನಿಮಿಷ ಆ ಮುಖಮಂಟಪದಲ್ಲಿ ನಿಲ್ಲೋಣ. ಜೊತೆಗಿರುವ ಮಕ್ಕಳಿಗೆ ಬನವಾಸಿಯ ವರ್ತಕನ ಸಂಗತಿಯನ್ನು ಹೇಳೋಣ.