ಗವಿಪುರದ ಸಾಲು, ಡೂಮ್‌ನ ಗೋಡೆ

ಸಂಕ್ರಾಂತಿಯ ಸಂಜೆ ಬೆಂಗಳೂರಿನ ಗವಿಪುರದಲ್ಲಿ ಗವಿ ಗಂಗಾಧರೇಶ್ವರನ ದರ್ಶನಕ್ಕೆ ಸಾಲಿನಲ್ಲಿ ನಿಂತಿದ್ದೆವು. ಅಕ್ಕನ ಮಗ ಫೋನಿನಲ್ಲಿ ಡೂಮ್ ಆಡುತ್ತಿದ್ದ; ಅವರಪ್ಪ ಕಾಲೇಜಿನಲ್ಲಿ ಆಡುತ್ತಿದ್ದ ಅದೇ ಆಟ. ನಂದಿಯ ಕೊಂಬುಗಳ ನಡುವೆ ಹಾದು ಬಿಸಿಲು ಲಿಂಗ ಮುಟ್ಟುತ್ತದೆಂದು ನಾನು ವಿವರಿಸುತ್ತಿದ್ದರೆ ಅವನ ಪ್ರಶ್ನೆಯೇ ಬೇರೆ: "ಮಾಮ, ಗೋಡೆ ಹಿಂದಿರೋ ರಾಕ್ಷಸ ಕಾಣಬಾರದು ಅಂತ ಗೇಮ್‌ಗೆ ಹೇಗೆ ಗೊತ್ತಾಗುತ್ತೆ?"

ಒಳ್ಳೆಯ ಪ್ರಶ್ನೆ. ಡೂಮ್ ಹೊರಬಂದದ್ದು 1993ರ ಡಿಸೆಂಬರ್ 10ರಂದು. ಅಂದಿನ ಪಿಸಿಯ ಪರದೆಯಲ್ಲಿ 64,000 ಚುಕ್ಕಿ, ಸೆಕೆಂಡಿಗೆ ಹೆಚ್ಚೆಂದರೆ 35 ಚಿತ್ರ. ಕಾಣದ್ದನ್ನು ಬರೆಯುತ್ತ ಕೂತರೆ ಯಂತ್ರ ಸುಸ್ತು.

ಡೂಮ್ ಮಾಡಿದ ಐಡಿ ಸಾಫ್ಟ್‌ವೇರ್ ತಂಡದ್ದೇ 1992ರ ಆಟ ವೂಲ್ಫೆನ್‌ಸ್ಟೈನ್ 3ಡಿಯ ಉಪಾಯ ನಮ್ಮ ಸಂಕ್ರಾಂತಿಯನ್ನು ತಿರುಗಿಸಿಟ್ಟಂತಿತ್ತು. ಇಲ್ಲಿ ಕಿರಣ ಹೊರಗಿನಿಂದ ಬರುತ್ತದೆ. ಅಲ್ಲಿ ಆಡುವವನ ಕಣ್ಣಿಂದ ಪರದೆಯ ಮೇಲಿಂದ ಕೆಳಗಿನ ಒಂದೊಂದು ಕಂಬಸಾಲಿಗೆ ಒಂದೊಂದು ಕಿರಣ ಹೊರಟು, ಗೋಡೆಗೆ ಬಡಿದಾಗ ನಿಲ್ಲುತ್ತದೆ. ಗೋಡೆಗಳೆಲ್ಲ ಒಂದೇ ಎತ್ತರ, ಮೂಲೆಗಳೆಲ್ಲ ನೇರ. ಡೂಮ್‌ಗೆ ಓರೆ ಗೋಡೆ, ಮೆಟ್ಟಿಲು, ಜಗಲಿ ಎಲ್ಲ ಬೇಕಿತ್ತು.

ಆಗ ತಂಡದ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್ ಹಿಡಿದ ದಾರಿಯನ್ನು ಹುಡುಗನಿಗೆ ಸಾಲಿನಲ್ಲೇ ತೋರಿಸಿದೆ. ಅಂಗಳಕ್ಕೆ ಅಡ್ಡಲಾಗಿ ಈ ಗೋಡೆಯಿಂದ ಆ ಗೋಡೆಗೆ ಒಂದು ಹಗ್ಗ ಕಟ್ಟು. ನಾವು ಈಚೆಗಿದ್ದರೆ, ಈಚೆಗಿರುವ ಯಾರನ್ನೂ ಆಚೆಯವರು ಮರೆಮಾಡಲಾರರು. ಎಷ್ಟೇ ದಪ್ಪಗಿರಲಿ! ಈಗ ಈಚೆಯ ಅರ್ಧಕ್ಕೆ ಇನ್ನೊಂದು ಹಗ್ಗ, ಆಚೆಯದಕ್ಕೆ ಮತ್ತೊಂದು. ಹೀಗೇ ಕಟ್ಟುತ್ತ ಹೋದರೆ ಕೊನೆಗೆ ಉಳಿಯುವ ತುಣುಕುಗಳಲ್ಲಿ ಒಂದು ಗೋಡೆ ಇನ್ನೊಂದಕ್ಕೆ ಅಡ್ಡ ಬರುವುದಿಲ್ಲ. ಹಗ್ಗ ಯಾವುದಾದರೂ ಗೋಡೆಯನ್ನೇ ಹಾಯ್ದರೆ ಅದನ್ನು ಎರಡು ತುಂಡೆಂದು ಲೆಕ್ಕ ಹಾಕಿದರಾಯಿತು. ಆಡುವಾಗ ಯಂತ್ರ ಕೇಳುವುದು ಒಂದೇ: ನೀನು ಈ ಹಗ್ಗದ ಯಾವ ಕಡೆ? ಹತ್ತಿರದ ತುಣುಕಿನಿಂದ ಬರೆಯುತ್ತ ಹೋಗುತ್ತದೆ. ಪರದೆಯ ಒಂದು ಕಂಬಸಾಲು ಪೂರ್ತಿ ಗೋಡೆಯಿಂದ ಮುಚ್ಚಿತೋ, ಅದರ ಹಿಂದಿನ ಗೋಡೆಗಳ ಗೊಡವೆಯೇ ಇಲ್ಲ.

ಈ ಹಗ್ಗಗಳನ್ನೆಲ್ಲ ಆಟದ ನಕ್ಷೆ ತಯಾರಾದಾಗಲೇ ಕಟ್ಟಿಟ್ಟಿರುತ್ತಾರೆ. ಆದ್ದರಿಂದಲೇ ಡೂಮ್‌ನ ಬಾಗಿಲುಗಳು ಮೇಲಕ್ಕೇಳುತ್ತವೆ, ಪಕ್ಕಕ್ಕೆ ಸರಿಯುವುದಿಲ್ಲ. ಸರಿದರೆ ಹಗ್ಗವೆಲ್ಲ ಹೊಸದಾಗಿ ಕಟ್ಟಬೇಕು.

ಕಾರ್ಮ್ಯಾಕ್‌ನನ್ನು ಮಾಂತ್ರಿಕನೆಂದು ಕೊಂಡಾಡುವವರು ಬಹಳ. ಇಪ್ಪತ್ಮೂರು ವರ್ಷದ ಹುಡುಗ ಮೆಚ್ಚುವಂಥವನೇ, ಆದರೆ ಹಗ್ಗ ಅವನದಲ್ಲ. ವಿಮಾನ ಚಾಲಕರ ತರಬೇತಿಗೆಂದು ಅಮೆರಿಕದ ವಾಯುಸೇನೆಗಾಗಿ 1969ರಲ್ಲಿ ಶೂಮ್ಯಾಕರ್ ಮತ್ತು ಸಂಗಡಿಗರು ಇಂಥದ್ದೊಂದನ್ನು ಯೋಚಿಸಿದ್ದರು. 1980ರಲ್ಲಿ ಫುಕ್ಸ್, ಕೆಡೆಮ್, ನೇಯ್ಲರ್ ಅದಕ್ಕೆ ಸರಿಯಾದ ರೂಪ ಕೊಟ್ಟರು. ಹಳೆಯ ಸಂಶೋಧನಾ ಪ್ರಬಂಧ ಓದಿ ಮನೆಯ ಪಿಸಿಗೆ ಇಳಿಸಿದ್ದು ಕಾರ್ಮ್ಯಾಕ್‌ನ ಕೆಲಸ. ನನಗಂತೂ ಮಾಂತ್ರಿಕತನಕ್ಕಿಂತ ಈ ಓದಿನ ಚಟವೇ ದೊಡ್ಡದೆನಿಸುತ್ತದೆ.

ರಾಕ್ಷಸರ ಕಥೆ ಇನ್ನೂ ಸೊಗಸು. ಕೆಲವರನ್ನು ತಂಡದ ಕಲಾವಿದ ಏಡ್ರಿಯನ್ ಕಾರ್ಮ್ಯಾಕ್ (ಜಾನ್‌ಗೆ ಸಂಬಂಧಿಯಲ್ಲ) ಜೇಡಿಮಣ್ಣಿನಲ್ಲಿ ಮಾಡಿದ. ಗಣೇಶನ ಮೂರ್ತಿಯಂತೆ ಕೂರಿಸಿ, ತಿರುಗಿಸಿ ತಿರುಗಿಸಿ ಎಂಟು ಕೋನದ ಚಿತ್ರ ಹಿಡಿದರು. ಸತ್ತು ಬಿದ್ದ ಮೇಲೆ ಮಾತ್ರ ಒಂದೇ ಚಿತ್ರ. ಹೆಣವನ್ನು ಯಾವ ಕಡೆಯಿಂದ ಸುತ್ತಿದರೂ ಅದು ನಿಮ್ಮತ್ತಲೇ ತಿರುಗಿರುತ್ತದೆ. ಬಂದೂಕುಗಳಲ್ಲಿ ಕೆಲವು ಆಟಿಕೆ ಅಂಗಡಿಯವು!

ಡೂಮ್‌ನ ಬಾಗಿಲಿನಂತೆ ಅದರ ಗೋಡೆಯೂ ಸರಿಯದು. ಗವಿಪುರದಲ್ಲಿ ಹಾಗಲ್ಲ. ನೆಹರೂ ತಾರಾಲಯದಲ್ಲಿದ್ದ ಬಿ.ಎಸ್. ಶೈಲಜಾ ಮತ್ತು ಸಂಗಡಿಗರು 2008ರ ಅಧ್ಯಯನದಲ್ಲಿ ಈ ಗುಡಿಯನ್ನು ಡೇನಿಯಲ್ ಕಲಾವಿದರು 1790ರ ದಶಕದ ಆರಂಭದಲ್ಲಿ ಬರೆದ ಚಿತ್ರಗಳ ಜೊತೆ ಹೋಲಿಸಿದರು. ಅಂದು ಕಟ್ಟಡಗಳು ಕಡಿಮೆ. ಬಿಸಿಲು ಒಳಬರುತ್ತಿದ್ದದ್ದು ಸೂರ್ಯ ನಿಜಕ್ಕೂ ದಿಕ್ಕು ತಿರುಗಿಸುವ ಅಯನ ದಿನದ ಸುಮಾರಿಗೆ ಎಂದು ಅವರ ಅಂದಾಜು. ಆಮೇಲೆ ಎದ್ದ ಗೋಡೆಗಳಿಂದಾಗಿ ಈಗ ಜನವರಿ ಮಧ್ಯದಲ್ಲಿ ಒಮ್ಮೆ, ನವೆಂಬರ್ ಕೊನೆಯ ಹೊತ್ತಿಗೆ ಇನ್ನೊಮ್ಮೆ. ಆ ಎರಡನೆಯದಕ್ಕೆ ಇಷ್ಟು ಸಾಲು ಇರುವುದಿಲ್ಲ.

ನಮ್ಮ ಸರದಿ ಬರುವಷ್ಟರಲ್ಲಿ ಬಿಸಿಲು ಲಿಂಗ ದಾಟಿತ್ತು. "ನಾವು ಹಗ್ಗದ ಆಚೆಯವರು, ಮಾಮ" ಎಂದ ಹುಡುಗ.