ನೀರು ಇಳಿದಾಗ ಬರುವ ಹಕ್ಕಿಗಳು

ಭದ್ರಾ ಹಿನ್ನೀರಿನ ಹಕ್ಕಿಗಳಿಗೆ ಅಣೆಕಟ್ಟೆಯ ನೀರಿನ ಮಟ್ಟವೇ ಪಂಚಾಂಗ. ಒಳ್ಳೆಯ ಮಳೆಯಾದ ವರ್ಷ ಜಲಾಶಯ 186 ಅಡಿಗೆ ತುಂಬಿ ನಿಲ್ಲುತ್ತದೆ. ಬೇಸಿಗೆ ಬೆಳೆಗೆಂದು ಎಡದಂಡೆ, ಬಲದಂಡೆ ನಾಲೆಗಳಿಗೆ ನೀರು ಬಿಟ್ಟ ಮೇಲೆ ಮಟ್ಟ ದಿನೇದಿನೇ ಇಳಿದು, ಮುಳುಗಿದ್ದ ಗುಡ್ಡಗಳ ನೆತ್ತಿ ಒಂದೊಂದಾಗಿ ಮೇಲೇಳುತ್ತದೆ. ಮರವಿಲ್ಲದ, ಹುಲ್ಲೂ ಅಷ್ಟಕ್ಕಷ್ಟೇ ಇರುವ ಕಲ್ಲು ಮಣ್ಣಿನ ಬೋಳು ನಡುಗಡ್ಡೆಗಳು. ಬರಡಾಗಿ ಕಾಣುವ ಈ ದಿಬ್ಬಗಳೇ ರಿವರ್ ಟರ್ನ್, ಅಂದರೆ ನದಿ ರೀವಗಳ ಬಾಣಂತಿ ಕೋಣೆ.

ಈ ಹಿನ್ನೀರಿನ ಆಸುಪಾಸಿನ ಊರು ಶಂಕರಘಟ್ಟ. ಶಿವಮೊಗ್ಗದಿಂದ ಸುಮಾರು 28 ಕಿ.ಮೀ. ದೂರ, ಭದ್ರಾವತಿ ತಾಲ್ಲೂಕು. 1987ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾಲಯದ ಜ್ಞಾನ ಸಹ್ಯಾದ್ರಿ ಆವರಣ ಇಲ್ಲಿದೆ. ವನ್ಯಜೀವಿ ನಿರ್ವಹಣೆಯನ್ನೇ ವಿಷಯವಾಗಿ ಕಲಿಸುವ ವಿಭಾಗವೂ ಅಲ್ಲಿದೆ. ಒಂದು ಮಗ್ಗುಲಿಗೆ 1998ರಲ್ಲಿ ಹುಲಿ ಯೋಜನೆಗೆ ಸೇರಿದ ಭದ್ರಾ ಅಭಯಾರಣ್ಯದ ಕಾಡು, ಇನ್ನೊಂದು ಮಗ್ಗುಲಿಗೆ ನಾಲೆ ನೀರಿನ ಗದ್ದೆ ಮತ್ತು ಅಡಿಕೆ ತೋಟ. ಹೀಗಾಗಿ ಕಾಡುಹಕ್ಕಿ, ನೀರುಹಕ್ಕಿ ಎರಡನ್ನೂ ಒಂದೇ ಬೆಳಗಿನಲ್ಲಿ ನೋಡಬಹುದು.

ನದಿ ರೀವ ಸುಮಾರು 40 ಸೆಂ.ಮೀ. ಉದ್ದದ ಹಕ್ಕಿ. ಬೂದು ಬೆನ್ನು, ಹಳದಿ ಕೊಕ್ಕು, ಕೆಂಪು ಕಾಲು, ಕವಲೊಡೆದ ಬಾಲ. ಮರಿ ಮಾಡುವ ಕಾಲಕ್ಕೆ ತಲೆಗೆ ಕಪ್ಪು ಟೋಪಿ. ಗೂಡು ಎನ್ನುವಂಥದ್ದೇನೂ ಇಲ್ಲ. ನೆಲವನ್ನು ತುಸು ಕೆದರಿ ಎರಡು ಮೂರು ಮೊಟ್ಟೆ ಇಡುತ್ತದೆ. ಮೊಟ್ಟೆಯ ಮೇಲಿನ ಕಂದು ಮಚ್ಚೆ ಸುತ್ತಲಿನ ಕಲ್ಲುಗಳಲ್ಲಿ ಎಷ್ಟು ಬೆರೆತುಹೋಗುತ್ತದೆಂದರೆ, ನಡುಗಡ್ಡೆಯ ಮೇಲೆ ಕಾಲಿಟ್ಟವರು ಅದನ್ನು ತುಳಿದ ಮೇಲೆಯೇ ಕಾಣುವ ಸಂಭವ ಹೆಚ್ಚು. ಪಕ್ಕದಲ್ಲೇ ಪುಟ್ಟ ಪ್ರಾಟಿನ್‌ಕೋಲ್‌ಗಳೂ ಇದೇ ರೀತಿ ನೆಲದಲ್ಲಿ ಮೊಟ್ಟೆ ಇಡುತ್ತವೆ.

ಏಪ್ರಿಲ್ ಬಿಸಿಲಿನಲ್ಲಿ ತಾಯಿ ತಂದೆಗಳಿಗೆ ಕಾವು ಕೊಡುವುದಕ್ಕಿಂತ ಮೊಟ್ಟೆಯನ್ನು ತಂಪಾಗಿಡುವುದೇ ದೊಡ್ಡ ಕೆಲಸ. ರೆಕ್ಕೆ ಸಡಿಲಿಸಿ ನೆರಳು ಕೊಡುತ್ತವೆ. ಹೊಟ್ಟೆಯ ಗರಿಗಳನ್ನು ನೀರಿಗೆ ತಾಗಿಸಿ ಒದ್ದೆ ಮಾಡಿಕೊಂಡು ಬಂದು ಕೂರುವುದೂ ಉಂಟು. ದೋಣಿ ತೀರಾ ಹತ್ತಿರ ಬಂದರೆ ಇಡೀ ಹಿಂಡು ಕಿರುಚುತ್ತ ಮೇಲೇಳುತ್ತದೆ. ಛಾಯಾಚಿತ್ರಕಾರರಿಗೆ ಸೊಗಸಾಗಿ ಕಾಣುವ ಆ ದೃಶ್ಯದ ಹೊತ್ತಿನಲ್ಲೇ ಮೊಟ್ಟೆಗಳು ಬಿಸಿಲಿಗೆ ಬೇಯುತ್ತಿರುತ್ತವೆ, ಕಾಗೆ ಹದ್ದುಗಳು ಇಳಿಯುತ್ತಿರುತ್ತವೆ. ಹಕ್ಕಿಯನ್ನು ಎಬ್ಬಿಸಿ ತೆಗೆದ ಚಿತ್ರ ಎಷ್ಟೇ ಚೆಂದವಿದ್ದರೂ ಕೆಟ್ಟ ಚಿತ್ರವೇ. ಐಯುಸಿಎನ್ ಕೆಂಪು ಪಟ್ಟಿ ಈ ಹಕ್ಕಿಯನ್ನು ಅಳಿವಿನ ಭೀತಿಯಿರುವ ಜೀವಿಗಳ ಸಾಲಿಗೆ ಸೇರಿಸಿದೆ.

ಹಿನ್ನೀರಿಗೆ ಹೋಗುವವರಿಗೆ ಲಕ್ಕವಳ್ಳಿಯ ಜಂಗಲ್ ಲಾಡ್ಜಸ್ ತಂಗುದಾಣದ ದೋಣಿಯೇ ದಾರಿ. ಆ ತಂಗುದಾಣದ ಹೆಸರೇ ರಿವರ್ ಟರ್ನ್ ಲಾಡ್ಜ್. ದೋಣಿಯಲ್ಲಿ ಟ್ರೈಪಾಡ್ ಕೆಲಸಕ್ಕೆ ಬಾರದು, ಎಂಜಿನ್ನಿನ ನಡುಕವೆಲ್ಲ ಕ್ಯಾಮೆರಾಕ್ಕೆ ಏರುತ್ತದೆ. 400ರಿಂದ 600 ಮಿ.ಮೀ. ಲೆನ್ಸನ್ನು ಕೈಯಲ್ಲೇ ಹಿಡಿದು, ಶಟರ್ ವೇಗವನ್ನು ಸೆಕೆಂಡಿನ 2000ನೇ ಒಂದು ಭಾಗಕ್ಕೆ ಇಟ್ಟರೆ ಮೀನಿಗೆ ಧುಮುಕುವ ರೀವ ಮಸುಕಾಗದೆ ಸಿಗುತ್ತದೆ. ಕಡು ಬಣ್ಣದ ನೀರಿನ ಮುಂದೆ ಬಿಳಿ ಹಕ್ಕಿ ಬಂದಾಗ ಕ್ಯಾಮೆರಾ ಮೋಸಹೋಗಿ ಬೆಳಕು ಹೆಚ್ಚಿಸುತ್ತದೆ, ಗರಿಗಳ ಗೆರೆಯೇ ಅಳಿಸಿಹೋಗುತ್ತದೆ. ಎಕ್ಸ್‌ಪೋಷರನ್ನು ಸ್ವಲ್ಪ ತಗ್ಗಿಸಿಕೊಳ್ಳಬೇಕು. ಬಿಸಿಲೇರಿದ ಮೇಲೆ ನೀರಿನ ಮೇಲಿನ ಬಿಸಿಗಾಳಿ ಎಂಥ ದುಬಾರಿ ಲೆನ್ಸನ್ನೂ ಸೋಲಿಸುತ್ತದೆ. ಬೆಳಗಿನ ಮೊದಲೆರಡು ಗಂಟೆಯೇ ಸರಿ.

ಕ್ಯಾಮೆರಾ ಇಲ್ಲದವರಿಗೆ ನಷ್ಟವೇನಿಲ್ಲ. ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಗಾಜಿನ ಬೈನಾಕ್ಯುಲರ್ ಒಂದಿದ್ದರೆ ಊರ ಕೆರೆಯೇ ಸಾಕು. ತಾವರೆ ಎಲೆಯ ಮೇಲೆ ಉದ್ದ ಬೆರಳೂರಿ ನಡೆಯುವ ದೇವನಕ್ಕಿ, ಹಣೆಯಲ್ಲಿ ಬಿಳಿ ನಾಮವಿರುವ ನಾಮದ ಕೋಳಿ, ಕಣ್ಣೆದುರೇ ಮುಳುಗಿ ಇನ್ನೆಲ್ಲೋ ಏಳುವ ಗುಳುಮುಳುಕ, ರೆಕ್ಕೆ ಹರಡಿ ಒಣಗಿಸುತ್ತ ಕೂತ ನೀರುಕಾಗೆ. ಗದ್ದೆ ಉಳುವಾಗ ಟ್ರ್ಯಾಕ್ಟರಿನ ಹಿಂದೆ ಬೆಳ್ಳಕ್ಕಿಗಳ ಮೆರವಣಿಗೆ. ಕುವೆಂಪು ಅವರ ಮಗ ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯಲ್ಲಿದ್ದುಕೊಂಡು ಹಕ್ಕಿಗಳ ಬೆನ್ನುಹತ್ತಿದ್ದು ರೀಲಿನ ಕಾಲದಲ್ಲಿ. ಒಂದೊಂದು ಕ್ಲಿಕ್ಕಿಗೂ ದುಡ್ಡು ಬೀಳುತ್ತಿದ್ದಾಗ ನೋಡುವುದು ಮೊದಲು, ತೆಗೆಯುವುದು ಆಮೇಲೆ. ಈಗ ಆ ಕ್ರಮ ತಿರುವುಮುರುವಾಗಿದೆ.

ನೋಡಿದ್ದನ್ನು ಬರೆದಿಟ್ಟರೆ ಅದಕ್ಕೂ ಬೆಲೆಯುಂಟು. ದಿನಾಂಕ, ಜಾಗ, ಎಣಿಕೆ ಇಷ್ಟಿದ್ದರೆ ಇ-ಬರ್ಡ್ ತಾಣಕ್ಕೆ ಸೇರಿಸಬಹುದು. 1987ರಿಂದ ಪ್ರತಿ ಜನವರಿಯಲ್ಲಿ ನಡೆಯುವ ಏಷ್ಯಾದ ನೀರುಹಕ್ಕಿ ಗಣತಿಯೂ ಇಂಥ ಹವ್ಯಾಸಿಗಳನ್ನೇ ನೆಚ್ಚಿಕೊಂಡಿದೆ.

ಮುಂಗಾರು ಹಿಡಿದು ಒಳಹರಿವು ಹೆಚ್ಚಿದರೆ ನಡುಗಡ್ಡೆಗಳು ಮತ್ತೆ ಮುಳುಗುತ್ತವೆ. ಅಷ್ಟರಲ್ಲಿ ಮರಿಗಳ ರೆಕ್ಕೆ ಬಲಿತಿರಬೇಕು. ಅತ್ತ ತುಂಗೆಯಲ್ಲಿ ಲೆಕ್ಕ ಉಲ್ಟಾ. ಶಿವಮೊಗ್ಗ–ತೀರ್ಥಹಳ್ಳಿ ರಸ್ತೆಯ ಮಂಡಗದ್ದೆಯಲ್ಲಿ ಹೊಳೆ ನಡುವಿನ ಮರಗಳಿಗೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಬಂದು ಗೂಡು ಕಟ್ಟುವುದು ಮಳೆಗಾಲದಲ್ಲೇ. ಸುತ್ತ ತುಂಬಿ ಹರಿಯುವ ಹೊಳೆಯೇ ಅವುಗಳಿಗೆ ಕೋಟೆಯ ಕಂದಕ. ರೀವಗಳನ್ನು ನೋಡಬೇಕೆನ್ನುವವರು ಫೆಬ್ರವರಿಯಿಂದ ಮೇ ಒಳಗೆ ಲಕ್ಕವಳ್ಳಿಗೆ ಬರಬೇಕು. ಜುಲೈನಲ್ಲಿ ಬಂದವರು ನೇರ ಮಂಡಗದ್ದೆಗೆ ಹೋಗುವುದು ಮೇಲು.